ಸುಂಕದ ಮನೆಯ ಎದುರು ರೂಮು

ನನ್ನ ಗಂಡ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಎಣ್ಣೆಕೈ ಎಂದು. ಹೆಸರು ಸರಿಯಾಗಿಯೇ ಇದೆ. ಮನೆಯ ಬಾಗಿಲ ಹಿಡಿ, ನೀರಿನ ಲೋಟ, ದಿನಪತ್ರಿಕೆಯ ಅಂಚು, ಎಲ್ಲದರ ಮೇಲೂ ಅವರ ಹೆಬ್ಬೆರಳಿನ ಗುರುತು ಇರುತ್ತದೆ. ಇವರೇನಾದರೂ ಕಳ್ಳತನಕ್ಕೆ ಇಳಿದರೆ ಪೊಲೀಸರಿಗೆ ಕೆಲಸವೇ ಇರುವುದಿಲ್ಲ. ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ. ಬೆಳಿಗ್ಗೆ ಶಟರ್ ಎತ್ತಿ ಕೂತರೆ ಊಟಕ್ಕೆ ಕರೆಯುವ ತನಕ ಬಾಯಿ ಬಿಡುವವರಲ್ಲ. ಗಿರಾಕಿ ಬಂದರೆ "ಹ್ಞೂಂ", ಹೋದರೆ "ಹ್ಞೂಂ". ನಾನೇನಾದರೂ ಕೇಳಿದರೆ ಅದೂ ಇಲ್ಲ, ಹುಬ್ಬು ಮಾತ್ರ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ, "ಮಾತು ಬೆಳ್ಳಿ, ಮೌನ ಬಂಗಾರ ಕಣೇ" ಎಂದು ಸಮಾಧಾನ ಹೇಳಿದ್ದಳು. ಆ ಲೆಕ್ಕದಲ್ಲಿ ನನ್ನಷ್ಟು ಶ್ರೀಮಂತೆ ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಈ ಮನುಷ್ಯ ಬದಲಾಗುತ್ತಿದ್ದರು. ಬಡಗಣ ಕರಾವಳಿಯಲ್ಲಿ, ಪಟ್ಟಣಗಳೆಲ್ಲ ಮುಗಿದ ಮೇಲೆ, ಹಳೆಯ ಕೋಟೆಗಳೂ ಹಾಳುಬಿದ್ದ ಬಂದರುಗಳೂ ಇರುವ ಊರುಗಳಿವೆ. ಅಲ್ಲಿಯ ಉಪ್ಪುಗಾಳಿಗೆ ಕಬ್ಬಿಣ ಬಾಳುವುದಿಲ್ಲ. ಮನೆಮನೆಯಲ್ಲೂ ಹೆಂಗಸರು ದೋಣಿಯ ಹೊದಿಕೆ, ಚೀಲ, ಟಾರ್ಪಾಲು ಹೊಲಿಯುತ್ತಾರೆ. ಮೀನಿನ ಕಾಲ ಶುರುವಾಗುವ ಮೊದಲು ತುಕ್ಕು ಹಿಡಿದ ಮೆಷಿನುಗಳೆಲ್ಲ ಓಡುವಂತಾಗಬೇಕು. ಅದಕ್ಕೆ ಇವರು ಹಳೇ ವ್ಯಾನಿನಲ್ಲಿ ಎಣ್ಣೆ ಡಬ್ಬ, ಬೆಲ್ಟು, ಸೂಜಿಗಳನ್ನು ತುಂಬಿಕೊಂಡು ಹೊರಡುತ್ತಿದ್ದರು. ವಾಪಸು ಬರುವಾಗ ಬಿಸಿಲಿಗೆ ಕಪ್ಪಾಗಿ, ಏನೋ ಗುನುಗಿಕೊಂಡು ಬರುತ್ತಿದ್ದರು. "ಅಲ್ಲಿ ಒಬ್ಬರು ಏನು ಹೇಳಿದ್ರು ಗೊತ್ತಾ..." ಎಂದು ಊಟದ ನಡುವೆ ಶುರುಮಾಡಿ, ಮುಗಿಸುವ ಮೊದಲೇ ತಾವೇ ನಗುತ್ತಿದ್ದರು. ನಾಲ್ಕು ದಿನ ಹೀಗೆ. ಆಮೇಲೆ ಮತ್ತೆ ಹುಬ್ಬು.

ಆ ಒಬ್ಬರು ಎಂದರೆ ಯಾರು? ಹೊಲಿಗೆ ಮೆಷಿನ್ ಇಟ್ಟುಕೊಂಡವರು ಹೆಂಗಸರೇ ತಾನೆ. ನನಗೆ ಹೊಟ್ಟೆಕಿಚ್ಚು, ಅದನ್ನು ಮುಚ್ಚಿಟ್ಟುಕೊಳ್ಳುವುದೇನಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವರ ಆ ಮಾತುಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು: ಹಾಯಿಯಕ್ಕ. ಅವಳ ಮನೆತನದವರು ಹಿಂದೆ ಹಡಗಿನ ಹಾಯಿ ಹೊಲಿಯುತ್ತಿದ್ದರಂತೆ, ಅದಕ್ಕೇ ಆ ಹೆಸರಂತೆ. ಬಂದರಿನ ಹಳೇ ಸುಂಕದ ಮನೆಯಲ್ಲಿ ಒಬ್ಬಳೇ ಹೊಲಿಗೆ ನಡೆಸುತ್ತಾಳಂತೆ. ಗಂಡ ತೀರಿಹೋಗಿ ಬಹಳ ವರ್ಷವಾಯಿತಂತೆ. ಒಬ್ಬ ಹೆಂಡತಿಯ ನಿದ್ದೆ ಕೆಡಲು ಇಷ್ಟು "ಅಂತೆ"ಗಳು ಸಾಕು.

ಈ ಸಲ ಹೊರಡುವ ಮೊದಲು ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿ ನನ್ನೆದುರು ನೆಟ್ಟಗೆ ಕೂತರು. ಹಾಗೆ ಕೂತದ್ದು ಮಗಳ ಮದುವೆಯ ಮಾತು ಬಂದ ದಿನ. ಅದು ಬಿಟ್ಟರೆ ಈಗಲೇ.

"ನನ್ನ ಕಣ್ಣು ಮೊದಲಿನ ಹಾಗಿಲ್ಲ. ಸಂಜೆ ಆದ್ರೆ ರಸ್ತೆ ಅಂಚು ಕಾಣಲ್ಲ," ಎಂದರು. "ಇನ್ನು ಅಷ್ಟು ದೂರ ಗಾಡಿ ಓಡಿಸೋಕೆ ಆಗಲ್ಲ. ಒಂದೋ ಅಲ್ಲೇ ಹೋಗಿ ಇದ್ದುಬಿಡಬೇಕು, ಇಲ್ಲಾಂದ್ರೆ ಆ ಕಡೆ ಕೆಲಸ ಪೂರ್ತಿ ಬಿಡಬೇಕು. ಬಂದರಲ್ಲಿ ಒಂದು ರೂಮು ಖಾಲಿ ಇದೆ. ಮುಂದೆ ಅಂಗಡಿ, ಹಿಂದೆ ನಾವಿಬ್ಬರು. ಈ ಸಲ ನೀನೂ ಬಾ, ನೋಡು. ನೀನು ಹ್ಞೂಂ ಅಂದ್ರೆ ಹ್ಞೂಂ, ಊಹೂಂ ಅಂದ್ರೆ ಊಹೂಂ."

"ಬಂದರಲ್ಲಿ ಎಲ್ಲಿ?"

"ಸುಂಕದ ಮನೆ ಎದುರಿಗೆ."

ಬರುತ್ತೇನೆ ಎಂದೆ. ರೂಮು ನೋಡಲಿಕ್ಕಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಪಟ್ಟಣ ದಾಟಿದ ಮೇಲೆ ರಸ್ತೆ ಸಮುದ್ರದ ಕೈ ಬಿಡಲಿಲ್ಲ. ಎಡಕ್ಕೆ ನೀರು, ಬಲಕ್ಕೆ ಬೋಳು ಕಲ್ಲುಗುಡ್ಡ, ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಕೋಟೆ. ಕೋಟೆಯ ಗೋಡೆಗಳ ಮೇಲೆ ಬಲೆ ಒಣಹಾಕಿದ್ದರು. ಒಂದು ಕಡೆ ಹಿತ್ತಾಳೆಯ ತೋಪೊಂದು ಅರ್ಧ ಮರಳಿನಲ್ಲಿ ಹೂತಿತ್ತು. ಯಾವ ರಾಜನ ಮೇಲೆ ಗುಂಡು ಹಾರಿಸಿತ್ತೋ, ಈಗ ಅದಕ್ಕೆ ಒಂದು ಆಡು ಕಟ್ಟಿದ್ದರು. ಇನ್ನೊಂದು ಕಡೆ ದೂರದೇಶದ ನಾವಿಕರ ಗೋರಿಗಳು, ಗಾಳಿ ತಿಂದು ಅಕ್ಷರ ಉಳಿದಿರಲಿಲ್ಲ. ನದಿ ಸಮುದ್ರ ಸೇರುವಲ್ಲಿ ಸೇತುವೆ ಇಲ್ಲ. ವ್ಯಾನನ್ನೇ ಒಂದು ಚಪ್ಪಟೆ ದೋಣಿಗೆ ಹತ್ತಿಸಿ ದಾಟಿಸಿದರು. ಚೆಂದವಾಗಿತ್ತು, ಸುಳ್ಳೇಕೆ ಹೇಳಲಿ. ಚೆಂದವಾಗಿದ್ದದ್ದಕ್ಕೇ ನನ್ನ ಸಿಟ್ಟು ಏರಿತು. ಇಷ್ಟು ವರ್ಷ ಇದನ್ನೆಲ್ಲ ಇವರು ಒಬ್ಬರೇ ನೋಡಿಕೊಂಡು ಬಂದಿದ್ದರು, ನಾನು ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯವರ ನೀರಿನ ಟ್ಯಾಂಕು ನೋಡಿಕೊಂಡಿದ್ದೆ.

ವ್ಯಾನಿನೊಳಗೆ ಇಬ್ಬರೇ ಇದ್ದಾಗ ಮಾತಿಲ್ಲ. "ಅದೇನು?" ಎಂದರೆ "ಕೋಟೆ". "ಯಾರು ಕಟ್ಟಿಸಿದ್ದು?" ಎಂದರೆ ಹುಬ್ಬು. ಮೊದಲ ಊರು ಬಂತು. ಕೋಟೆಯ ಕೆಳಗಿನ ಮನೆಯೊಂದರ ಮುಂದೆ ಗಾಡಿ ನಿಂತದ್ದೇ ತಡ, ಹಲ್ಲಿಲ್ಲದ ಒಬ್ಬ ಮುದುಕಿ ಹೊರಗೆ ಬಂದು ಕೂಗಿದಳು.

"ಮೆಷಿನ್ ಡಾಕ್ಟ್ರು ಬಂದ್ರು! ಬದುಕಿದ್ದೀರಾ ಇನ್ನೂ?"

"ನಿಮ್ಮ ಮೆಷಿನ್ ಸಾಯೋವರೆಗೂ ನಾನು ಸಾಯೋ ಹಾಗಿಲ್ಲವಲ್ಲಜ್ಜಿ," ಎಂದರು ಇವರು.

ನಾನು ಸೀಟಿನಲ್ಲೇ ಕಲ್ಲಾದೆ. ಇದು ನನ್ನ ಗಂಡನ ದನಿಯೇ. ಆದರೆ ಇಷ್ಟು ಉದ್ದದ ಮಾತು, ಅದೂ ನಗುತ್ತ! ಒಳಗೆ ಹೋಗಿ ನೆಲದ ಮೇಲೆ ಮಲಗಿ, ಮೆಷಿನಿನ ಹೊಟ್ಟೆಯ ಕೆಳಗೆ ತಲೆ ತೂರಿಸಿಕೊಂಡು, ಅಲ್ಲಿಂದಲೇ ಅವಳ ಸೊಸೆಯರ ಯೋಗಕ್ಷೇಮ ಕೇಳಿದರು. ಮುದುಕಿಯ ನಕಲು ಮಾಡಿದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮೂಲೆಯ ಕುರ್ಚಿಯಲ್ಲಿ, ಹೆಣ್ಣು ನೋಡಲು ಬಂದವರ ದೂರದ ನೆಂಟಳ ಹಾಗೆ ಕೂತಿದ್ದೆ.

ಅವರ ಕೆಲಸಕ್ಕೆ ಒಂದು ಪದ್ಧತಿ ಇದೆ. ರಿಪೇರಿ ಮುಗಿದ ಮೇಲೆ ಪರೀಕ್ಷೆಗೆ ತಾವು ಹೊಲಿಯುವುದಿಲ್ಲ. ಮೆಷಿನಿನ ಒಡತಿಯೇ ಕೂತು ಮೊದಲ ಗೆರೆ ಹೊಲಿಯಬೇಕು. ಇವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೇಳುತ್ತಾರೆ. ಒಬ್ಬೊಬ್ಬರ ಕಾಲಿಗೆ ಒಂದೊಂದು ನಡೆ, ಆ ನಡೆಗೆ ಮೆಷಿನ್ ಹೊಂದಬೇಕಂತೆ. ಮುದುಕಿಯ ಸೊಸೆ ಹೊಲಿಯುತ್ತಿದ್ದಾಗ ಇವರ ಮುಖ ನೋಡಿದೆ. ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಎಷ್ಟು ಶ್ರದ್ಧೆ! ನನ್ನ ಮೆಷಿನಿನ ಮುಂದೆ ಅವರು ಹಾಗೆ ಕೂತದ್ದೇ ಇಲ್ಲ. ನನಗೆ ದಾರ ಜೋತುಬೀಳುವುದನ್ನು ಕಂಡರಾಗದು, ಕೆಳಗಿನ ದಾರ ಕೂರುವ ಬಾಬಿನ್ ಕೇಸಿನ ಪುಟ್ಟ ಸ್ಕ್ರೂವನ್ನು ಬಿಗಿಮಾಡುತ್ತಲೇ ಇರುತ್ತೇನೆ. ದಾರ ಕಡಿದಾಗ ಒಳಗಿನಿಂದ ಕೂಗುತ್ತೇನೆ. ಅವರು ಬಂದು ಅದನ್ನು ಸಡಿಲಿಸಿ, ಹುಬ್ಬು ಹಾರಿಸಿ ಹೋಗುತ್ತಾರೆ. ಹಿತ್ತಲ ಗಿಡ ಮದ್ದಲ್ಲ.

"ಊರ ಹೆಂಗಸರ ಕಾಲೆಲ್ಲ ನಿಮಗೆ ಗೊತ್ತು," ಎಂದೆ ವ್ಯಾನು ಹತ್ತಿದ ಮೇಲೆ.

"ಕೆಲಸ ಕಣೇ," ಎಂದರು. ಅಷ್ಟೇ.

ಬಂದರು ತಲುಪುವ ಹೊತ್ತಿಗೆ ಇಂಥ ಎಷ್ಟೋ ಮನೆಗಳಾಗಿದ್ದವು. ಪ್ರತಿ ಮನೆಯಲ್ಲೂ ಅದೇ ನಗು, ಪ್ರತಿ ಸಲ ವ್ಯಾನಿನ ಬಾಗಿಲು ಮುಚ್ಚಿದೊಡನೆ ಅದೇ ಮೌನ. ಆ ಬಾಗಿಲಲ್ಲೇ ಏನೋ ದೋಷ ಇರಬೇಕು ಎಂದುಕೊಂಡೆ.

ಹಾಯಿಯಕ್ಕ ರೂಪವತಿಯಲ್ಲ. ರೂಪವತಿಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು; ಗಂಡಸರ ಬುದ್ಧಿಯೇ ಇಷ್ಟು ಎಂದು ಬೈದುಕೊಂಡು ಕೂರಬಹುದಿತ್ತು. ಎತ್ತರದ ಹೆಂಗಸು, ನನಗಿಂತ ಹಿರಿಯಳು, ನರೆತ ಕೂದಲು, ದಾರಕ್ಕೆ ಕಟ್ಟಿ ಕೊರಳಿಗೆ ನೇತುಹಾಕಿದ ಕನ್ನಡಕ, ಗಂಡಸಿನ ಅಂಗೈಯಷ್ಟು ಅಗಲದ ಅಂಗೈ. ಸುಂಕದ ಮನೆ ಎಂದರೆ ಒಂದೇ ದೊಡ್ಡ ಕೋಣೆ. ಹಿಂದೆ ಹಡಗಿನ ಸರಕು ತೂಗುತ್ತಿದ್ದ ಕಬ್ಬಿಣದ ಕೊಕ್ಕೆ ಇನ್ನೂ ಮಾಡಿನಿಂದ ತೂಗುತ್ತಿತ್ತು. ಅದಕ್ಕೆ ಇವಳು ದಾರದ ಉಂಡೆಗಳನ್ನು ಸಿಕ್ಕಿಸಿದ್ದಳು. ಸಮುದ್ರದ ಕಡೆಯ ಕಿಟಕಿಯ ಕೆಳಗೆ ಅವಳ ಮೆಷಿನ್, ಟಾರ್ಪಾಲು ಹೊಲಿಯುವ ಭಾರಿ ಮೆಷಿನ್. ಮೂಲೆಯಲ್ಲಿ ಅರ್ಧ ಹೊಲಿದ ದೋಣಿಯ ಹೊದಿಕೆ ರಾಶಿಬಿದ್ದಿತ್ತು.

ನನ್ನನ್ನು ಕಂಡು ಅವಳು ಸ್ಟೂಲು ಒರೆಸಿ ಹಾಕಿದಳು, ನೀರು ಕೊಟ್ಟಳು, ಊಟಕ್ಕೆ ಎಬ್ಬಿಸಿದಳು. ಯಾವುದರಲ್ಲೂ ಕುಂದು ಹುಡುಕಲಾಗಲಿಲ್ಲ, ಅದೂ ಒಂದು ಕುಂದೇ. ಇವರು ಮೆಷಿನ್ ಬಿಚ್ಚಿ ಹರಡಿಕೊಂಡು ಕೂತರು. ಇವರು ಕೇಳುವ ಮೊದಲೇ ಅವಳು ಬೇಕಾದ ಸಾಮಾನನ್ನು ಎತ್ತಿ ಕೊಡುತ್ತಿದ್ದಳು.

"ಹೋದ ವರ್ಷದ ಬೆಲ್ಟು..." ಎಂದು ಇವರು ಶುರುಮಾಡಿದರೆ, "ಇಲಿ ಕಡೀತು," ಎಂದು ಅವಳು ಮುಗಿಸುತ್ತಿದ್ದಳು.

"ನಾನು ಹೇಳಿದ್ನಲ್ಲ, ಆ ಕಿಟಕಿ..."

"ಮುಚ್ಚಿಸಿದೆ. ಇಲಿ ಬಾಗಿಲಿಂದ ಬಂತು ಡಾಕ್ಟ್ರೇ. ನಿಮ್ಮ ಮಾತು ಅದಕ್ಕೂ ಕೇಳಿಸಿರಬೇಕು."

ಇಬ್ಬರೂ ನಕ್ಕರು. ನಾನು ನನ್ನ ಮನೆಯಲ್ಲಿ ಒಂದು ವಾಕ್ಯವನ್ನು ಶುರುಮಾಡಿ, ಅದನ್ನು ನಾನೇ ಮುಗಿಸಿ, ಉತ್ತರವನ್ನೂ ನಾನೇ ಕೊಟ್ಟುಕೊಳ್ಳುವವಳು. ಇಲ್ಲಿ ಒಂದು ವಾಕ್ಯಕ್ಕೆ ಇಬ್ಬರು. ಹಾಸಿಗೆ ಹಂಚಿಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ.

ಮೆಷಿನ್ ಮತ್ತೆ ಜೋಡಿಸಿ, ಎಣ್ಣೆ ಒರೆಸಿ, ಅವರು ಎದ್ದರು. ಎದುರು ರೂಮಿನ ಬೀಗದ ಕೈ ಬೀದಿಯ ಕೊನೆಯ ಅಂಗಡಿಯಲ್ಲಿದೆ, ತರೋಣ ಎಂದು ಇಬ್ಬರೂ ಹೊರಟರು. "ನೀನು ಸುಸ್ತಾಗಿದ್ದೀಯ, ಕೂತಿರು," ಎಂದರು ಇವರು. ಕಿಟಕಿಯಿಂದ ನೋಡಿದೆ. ಇವರು ಕೈ ಬೀಸಿ ಏನೋ ಹೇಳುತ್ತಿದ್ದರು. ಅವಳು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತ ನಡೆಯುತ್ತಿದ್ದಳು.

ನಾನು ಮೆಷಿನಿನ ತಗಡು ಸರಿಸಿದೆ. ಬಾಬಿನ್ ಕೇಸು ತೆಗೆದೆ. ಆ ಪುಟ್ಟ ಸ್ಕ್ರೂವನ್ನು ಬಿಗಿಮಾಡಿ ಮತ್ತೆ ಒಳಗಿಟ್ಟೆ. ಏನನ್ನೂ ಮುರಿಯುವ ಆಸೆ ನನಗಿರಲಿಲ್ಲ. ಆ ಡಾಕ್ಟರು ಕಣ್ಣು ಮುಚ್ಚಿ ಕೂತಾಗ, ಒಂದೇ ಒಂದು ಸಲ, ಅವಳೆದುರು, ಹೊಲಿಗೆ ಕೆಡಬೇಕು. ಅಷ್ಟೇ ನನ್ನ ಆಸೆ.

ಅವರು ಬಂದರು. ಹಾಯಿಯಕ್ಕ ಕನ್ನಡಕ ಏರಿಸಿ, ಮೂಲೆಯ ದೋಣಿಯ ಹೊದಿಕೆಯನ್ನೇ ಎಳೆದು ಸೂಜಿಯ ಕೆಳಗೆ ಹಾಸಿದಳು. ಡಾಕ್ಟರ ಕೆಲಸದ ಮೇಲೆ ಅಷ್ಟು ನಂಬಿಕೆ, ಚಿಂದಿಬಟ್ಟೆ ಹುಡುಕಲಿಲ್ಲ. ಇವರು ಕಣ್ಣು ಮುಚ್ಚಿದರು. ಮೆಷಿನ್ ಓಡಿತು. ಒಂದು ಮೊಳ ಹೋಗುವಷ್ಟರಲ್ಲಿ ಹೊದಿಕೆಯ ಅಂಚು ಸುಕ್ಕುಗಟ್ಟಿತು, ಟಪ್ಪೆಂದು ದಾರ ಕಡಿಯಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾನು ಸಮುದ್ರ ನೋಡತೊಡಗಿದೆ.

ಅವರು ಕಣ್ಣು ಬಿಟ್ಟರು. ಬೇರೆಲ್ಲೂ ಮುಟ್ಟದೆ ನೇರ ಬಾಬಿನ್ ಕೇಸನ್ನು ತೆಗೆದು, ಆ ಸ್ಕ್ರೂವಿನ ಮೇಲೆ ಹೆಬ್ಬೆರಳಿಟ್ಟರು. ಆ ಬಿಗಿ ಯಾರ ಕೈಯದೆಂದು ಅವರಿಗೆ ಗೊತ್ತಾಗದೇ ಇರುತ್ತದೆಯೆ? ಎಷ್ಟು ವರ್ಷದಿಂದ ಅದನ್ನೇ ಸಡಿಲಿಸುತ್ತ ಬಂದಿದ್ದಾರೆ. ನನ್ನ ಕಡೆ ತಿರುಗುತ್ತಾರೆ ಎಂದು ಕಾದೆ. ತಿರುಗಲಿಲ್ಲ.

"ನನ್ನ ತಪ್ಪು," ಎಂದರು. "ಜಾಸ್ತಿ ಬಿಗಿ ಮಾಡಿಬಿಟ್ಟೆ."

ಮತ್ತೆ ಸರಿಮಾಡಿಕೊಟ್ಟು, ವ್ಯಾನಿನಲ್ಲಿ ಏನೋ ತೆಗೆಯಬೇಕು ಎಂದು ಹೊರಗೆ ಹೋದರು. ಹಾಯಿಯಕ್ಕ ಕೆಟ್ಟ ಹೊಲಿಗೆಯನ್ನು ಬಿಚ್ಚುತ್ತ ಕೂತಳು. ತಲೆ ಎತ್ತದೆ, "ಅದು ಡಾಕ್ಟ್ರ ಕೈ ಅಲ್ಲ ತಂಗೀ," ಎಂದಳು.

ನಾನು ಜಗಳಕ್ಕೆ ಸಿದ್ಧಳಾದೆ.

"ನನಗೆ ಗೊತ್ತಾಗುತ್ತೆ. ಯಾಕಂದ್ರೆ ನಾನೂ ಮಾಡಿದ್ದೀನಿ. ಅದೇ ಸ್ಕ್ರೂ. ಅವರು ಮುಂದಿನ ಊರಿಗೆ ಹೋಗಿರೋರು, ಮೆಷಿನ್ ಮತ್ತೆ ಕೆಡ್ತು ಅಂತ ಹೇಳಿ ಕಳಿಸ್ತಿದ್ದೆ. ವಾಪಸ್ ಬರೋರು. ಇನ್ನೊಂದು ಮಧ್ಯಾಹ್ನ ಮಾತಾಡೋಕೆ ಸಿಗೋರು." ದಾರದ ತುಂಡನ್ನು ಕಿತ್ತು ಪಕ್ಕಕ್ಕಿಟ್ಟಳು. "ಎರಡು ವರ್ಷ ಹಾಗೆ ಮಾಡಿದೆ. ಮೂರನೇ ವರ್ಷ ನನ್ನ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟು, 'ಇನ್ನು ಇದಕ್ಕೆಲ್ಲ ನನ್ನನ್ನ ಕರೀಬೇಡಿ, ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ' ಅಂದ್ರು. ಅಷ್ಟೇ. ಬೈಯಲೂ ಇಲ್ಲ."

ನನ್ನ ಅನುಮಾನ ಸುಳ್ಳಾಗಿರಲಿಲ್ಲ, ಆಳು ಮಾತ್ರ ತಪ್ಪಿತ್ತು. ಗೆದ್ದೆ ಎಂದು ಹಿಗ್ಗಬೇಕಿತ್ತು, ಹಿಗ್ಗು ಬರಲಿಲ್ಲ.

"ಈಗ ಎದುರು ರೂಮು ಹುಡುಕಿಕೊಟ್ಟಿದ್ದು ಯಾರು?" ಎಂದೆ.

"ನಾನೇ. ನೀವು ದಿನಾ ಕಣ್ಣೆದುರು ಓಡಾಡ್ತಾ ಇದ್ರೆ ನನ್ನ ಹುಚ್ಚು ಬಿಟ್ಟುಹೋಗುತ್ತೆ ಅಂತ."

"ನಿಮ್ಮ ಹುಚ್ಚಿಗೆ ನಾನು ಔಷಧಿನಾ?"

"ಹೌದು," ಎಂದು ಅವಳು ನಕ್ಕಳು. ನಾಚಿಕೆ ಇಲ್ಲ, ಭಯ ಇಲ್ಲ. ಅವಳ ಜುಟ್ಟು ಹಿಡಿಯಬೇಕೆನಿಸಿತು. ಪಕ್ಕದಲ್ಲಿ ಕೂತು ಆ ಹೊಲಿಗೆ ಬಿಚ್ಚಿಕೊಡಬೇಕೆಂದೂ ಅನಿಸಿತು. ಎರಡೂ ಮಾಡದೆ ಹೊರಗೆ ಬಂದೆ.

ರೂಮು ನೋಡಿದೆವು. ಗಟ್ಟಿ ಗೋಡೆ, ಒಳ್ಳೆಯ ಬೆಳಕು, ಹಿಂದೆ ಬಟ್ಟೆ ಒಣಗಿಸಲು ಜಾಗ. ಬಾಗಿಲಲ್ಲಿ ನಿಂತರೆ ನೇರ ಸುಂಕದ ಮನೆಯ ಕಿಟಕಿ. ವ್ಯಾನು ಹತ್ತಿದ ಮೇಲೆ ಅವರು ಕೀಲಿ ತಿರುಗಿಸದೆ ಕೇಳಿದರು.

"ಏನಂತೀಯ?"

"ಊಹೂಂ."

"ಆಯ್ತು," ಎಂದರು. ಯಾಕೆಂದು ಕೇಳಲಿಲ್ಲ. ಸ್ಕ್ರೂವಿನ ಸುದ್ದಿಯನ್ನೂ ಎತ್ತಲಿಲ್ಲ. ಬೀಗದ ಕೈಯನ್ನು ಅಂಗಡಿಗೆ ಕೊಟ್ಟು ಗಾಡಿ ತಿರುಗಿಸಿದರು. ಗಂಡ ಪೂರ್ತಿಯಾಗಿ ನನ್ನವನಾದ, ಇನ್ನು ವರ್ಷವಿಡೀ ನನ್ನ ಮುಂದಿನ ಕೋಣೆಯಲ್ಲೇ ಇರುತ್ತಾನೆ ಎಂದುಕೊಂಡೆ. ಮರಳು, ಕೋಟೆ, ಗೋರಿಗಳು ಒಂದೊಂದಾಗಿ ಹಿಂದೆ ಸರಿದವು.

ಕೋಟೆಯ ಕೆಳಗಿನ ಮುದುಕಿಯ ಮನೆ ದಾರಿಯಲ್ಲೇ ಇತ್ತು. ಕಡೆಯ ಸಲ, ಹೇಳಿ ಹೋಗಬೇಕು ಎಂದು ನಿಲ್ಲಿಸಿದರು. ಮುದುಕಿ ಹೊರಗೆ ಬಂದು ಏನೋ ಕೀಟಲೆ ಮಾಡಿದಳು. ಇವರು ಕಟ್ಟೆಯ ಮೇಲೆ ಕೂತು "ಹ್ಞೂಂ" ಎಂದರು. ಅವಳು ಇನ್ನೊಂದು ಹೇಳಿದಳು. ಇವರ ಹುಬ್ಬು ಸ್ವಲ್ಪ ಏರಿತು, ಇಳಿಯಿತು. ಮುದುಕಿ ಇವರ ಮುಖ ನೋಡಿ, ಗಾಬರಿಯಾಗಿ ನನ್ನ ಕಡೆ ತಿರುಗಿದಳು.

"ಏನಾಯ್ತಮ್ಮ ಇವರಿಗೆ? ಹುಷಾರಿಲ್ವಾ?"

ಏನೂ ಆಗಿರಲಿಲ್ಲ. ಇವರು ನನ್ನ ಮನೆಯ ಗಂಡ. ದಿನಾ ಹೀಗೆಯೇ ಇರುವವರು. ಮೂವತ್ತು ವರ್ಷದಿಂದ ಇದೇ ಮುಖಕ್ಕೆ ಅನ್ನ ಬಡಿಸಿದ್ದೇನೆ, ಹುಷಾರಿಲ್ವಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಇಷ್ಟು ದಿನ ಈ ದಾರಿಯ ಜನರಿಗೆ ಸಿಕ್ಕ ಮನುಷ್ಯ ನನಗೆ ಸಿಗಲಿಲ್ಲವೆಂದು ಉರಿಯುತ್ತಿದ್ದೆ. ಈಗ ನಾನು ಊಹೂಂ ಎಂದದ್ದೇ ತಡ, ನನಗೆ ಸಿಕ್ಕ ಹುಬ್ಬಿನ ಮನುಷ್ಯನೇ ಈ ಜನರಿಗೂ ಸಿಕ್ಕಂತಾಯಿತು. ಆ ನಗುವ ಮನುಷ್ಯ ಇನ್ನು ಯಾರಿಗೂ ಇಲ್ಲ.

"ಅಜ್ಜಿ, ಇದೇ ಕಡೇ ಸಲ..." ಎಂದು ಅವರು ಶುರುಮಾಡಿದರು.

"ಕಡೇ ಸಲ ಅಲ್ಲ," ಎಂದೆ ನಾನು. "ನಾವು ಬಂದರಿಗೇ ಬಂದು ಇರ್ತೀವಿ ಅಜ್ಜಿ. ಸುಂಕದ ಮನೆ ಎದುರಿಗೆ."

ಅವರು ನನ್ನನ್ನು ನೋಡಿದರು. ಎದ್ದು ಬಂದು ವ್ಯಾನಿನ ಪಕ್ಕಕ್ಕೆ ನನ್ನನ್ನು ಕರೆದರು. ಮುದುಕಿಗೆ ಕೇಳಿಸದ ಹಾಗೆ ಕೇಳಿದರು.

"ಎದುರುಮನೆ ಹಾಯಿಯಕ್ಕನದ್ದು. ನಿನಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ. ದಿನಾ ಉರಿಯುತ್ತೆ," ಎಂದೆ. "ಆದ್ರೂ ಬರ್ತೀನಿ. ಗಾಡಿ ತಿರುಗಿಸಿ, ಬೀಗದ ಕೈ ಬೇರೆ ಯಾರಾದ್ರೂ ತಗೊಂಡುಬಿಟ್ಟಾರು."